ಮಂಜಿನಲ್ಲಿ ಉಳಿದ ನದಿ

1983ರ ಮಾರ್ಚ್ 5ರಂದು ಆಸ್ಟ್ರೇಲಿಯದಲ್ಲಿ ಸಂಸತ್ ಚುನಾವಣೆ ನಡೆಯಿತು. ಅದಕ್ಕೆ ಕೆಲವೇ ದಿನ ಮುಂಚೆ ಸಿಡ್ನಿ ಮತ್ತು ಮೆಲ್ಬರ್ನ್‌ನ ಎರಡು ಪ್ರಮುಖ ದಿನಪತ್ರಿಕೆಗಳಲ್ಲಿ ಇಡೀ ಪುಟದ ಬಣ್ಣದ ಜಾಹೀರಾತೊಂದು ಪ್ರಕಟವಾಯಿತು. ಪತ್ರಿಕೆಗಳು ಕಪ್ಪು-ಬಿಳುಪಿನಲ್ಲೇ ಬರುತ್ತಿದ್ದ ಆ ದಿನಗಳಲ್ಲಿ ಬಣ್ಣದ ಪುಟವೆಂದರೆ ಅಪರೂಪ. ಅದರಲ್ಲಿ ಯಾವ ನಾಯಕನ ಮುಖವೂ ಇರಲಿಲ್ಲ, ಭರವಸೆಗಳ ಪಟ್ಟಿಯೂ ಇರಲಿಲ್ಲ. ಇದ್ದದ್ದು ಒಂದು ನದಿಯ ತಿರುವು, ನೀರಿನ ನಡುವೆ ಗಿಡಮರಗಳನ್ನು ಹೊತ್ತು ನಿಂತ ಬಂಡೆ, ಅದರ ಸುತ್ತ ಹಾಲಿನಂತೆ ಹರಡಿದ ನೊರೆ, ಹಿಂದೆ ಮುಂಜಾನೆಯ ಮಂಜಿನಲ್ಲಿ ಕರಗುತ್ತಿರುವ ಕಾಡು ಕಂದರ. ಇದನ್ನು ನಾಶ ಮಾಡುವ ಪಕ್ಷಕ್ಕೆ ನೀವು ಮತ ಹಾಕಬಲ್ಲಿರಾ ಎಂಬ ಅರ್ಥದ ಒಂದೇ ಪ್ರಶ್ನೆ ಅದರ ಜೊತೆಗಿತ್ತು.

ಆ ನದಿ ಟಾಸ್ಮೇನಿಯ ದ್ವೀಪದ ಫ್ರಾಂಕ್ಲಿನ್. ಚಿತ್ರ ತೆಗೆದವರು ಪೀಟರ್ ಡೊಂಬ್ರೋವ್‌ಸ್ಕಿಸ್. ನಿಸರ್ಗ ಛಾಯಾಗ್ರಹಣದ ಇತಿಹಾಸದಲ್ಲಿ ಇಷ್ಟು ನೇರವಾಗಿ ರಾಜಕೀಯದ ಅಂಗಳಕ್ಕೆ ಇಳಿದ ಚಿತ್ರಗಳು ವಿರಳ. ಕುತೂಹಲದ ಸಂಗತಿಯೆಂದರೆ ಇದು ಅಬ್ಬರದ ಚಿತ್ರವಲ್ಲ. ಉರಿಯುವ ಸೂರ್ಯಾಸ್ತವಿಲ್ಲ, ಕಾಮನಬಿಲ್ಲಿಲ್ಲ, ಹೊಳೆಯುವ ಹಿಮಶಿಖರವಿಲ್ಲ. ಮಬ್ಬು ಬೆಳಕಿನಲ್ಲಿ, ತಗ್ಗಿದ ಬಣ್ಣಗಳಲ್ಲಿ ತೆಗೆದ ಚಿತ್ರ ಇಷ್ಟು ಗಟ್ಟಿಯಾಗಿ ಮಾತನಾಡಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಹೊರಟರೆ ಬೆಳಕಿನ ಸ್ವಭಾವ, ಕ್ಯಾಮೆರಾದ ಮಿತಿ ಮತ್ತು ಮುಳುಗಿಹೋದ ಒಂದು ಸರೋವರದ ಕಥೆ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ.

ಮೋಡದ ಉಪಕಾರ

ಬಿಸಿಲಿದ್ದರೆ ಚಿತ್ರ ಚೆನ್ನ ಎಂಬುದು ಸಾಮಾನ್ಯ ನಂಬಿಕೆ. ಬಯಲು ಸೀಮೆಗೆ, ಮರಳುಗಾಡಿಗೆ ಅದು ನಿಜವಿರಬಹುದು. ಆದರೆ ದಟ್ಟ ಕಾಡಿನ ನಡುವೆ ಹರಿಯುವ ನದಿಗೆ ಬಿಸಿಲೇ ಶತ್ರು. ನಡುಹಗಲಿನಲ್ಲಿ ನೊರೆನೀರು ಕಣ್ಣು ಕೋರೈಸುವಷ್ಟು ಬೆಳ್ಳಗೆ ಹೊಳೆಯುತ್ತದೆ. ಪಕ್ಕದ ಮರದ ಬುಡದಲ್ಲಿ ಕಗ್ಗತ್ತಲು. ಮನುಷ್ಯನ ಕಣ್ಣು ಕ್ಷಣಕ್ಷಣಕ್ಕೂ ಹೊಂದಿಕೊಂಡು ಎರಡನ್ನೂ ನೋಡಬಲ್ಲದು. ಫಿಲ್ಮಿಗೆ ಆ ಶಕ್ತಿಯಿಲ್ಲ. ಅದರಲ್ಲೂ ಬಣ್ಣದ ಸ್ಲೈಡ್ ಫಿಲ್ಮ್ ಬೆಳಕು-ನೆರಳುಗಳ ಅಂತರವನ್ನು ತೀರ ಕಡಿಮೆ ಸಹಿಸುತ್ತದೆ. ನೀರಿಗೆ ಅಳತೆ ಹೊಂದಿಸಿದರೆ ಕಾಡು ಕಪ್ಪಾಗುತ್ತದೆ, ಕಾಡಿಗೆ ಹೊಂದಿಸಿದರೆ ನೀರು ಬರೀ ಬಿಳಿಯ ಕಲೆಯಾಗುತ್ತದೆ.

ಮೋಡ ಈ ಜಗಳವನ್ನು ಬಗೆಹರಿಸುತ್ತದೆ. ಸೂರ್ಯನೆಂಬ ಒಂದು ಬಿಂದುವಿನಿಂದ ಬರುತ್ತಿದ್ದ ಬೆಳಕು ಮೋಡದಲ್ಲಿ ಚದುರಿ ಇಡೀ ಆಕಾಶದಿಂದ ಸಮನಾಗಿ ಇಳಿಯತೊಡಗುತ್ತದೆ. ನೆರಳುಗಳ ಅಂಚು ಮೃದುವಾಗುತ್ತದೆ. ಬಂಡೆಯ ಸಂದಿಯಲ್ಲಿರುವ ಪಾಚಿಗೂ ನೀರಿನ ಮೇಲಿನ ನೊರೆಗೂ ಒಂದೇ ಫಿಲ್ಮಿನ ಮೇಲೆ ಜಾಗ ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಒದ್ದೆ ಎಲೆಯ ಮೇಲೆ ನೇರ ಬಿಸಿಲು ಬಿದ್ದರೆ ಅದರ ಮೈ ಕನ್ನಡಿಯಂತೆ ಮಿನುಗಿ ಹಸಿರು ಬಿಳಚಿಕೊಳ್ಳುತ್ತದೆ. ಮೋಡದಡಿಯಲ್ಲಿ ಆ ಮಿನುಗು ತಗ್ಗಿ ಎಲೆಯ ನಿಜವಾದ ಬಣ್ಣ ಮೇಲೇಳುತ್ತದೆ. ಮಳೆ ನಿಂತ ಗಳಿಗೆಯಲ್ಲಿ ಕಾಡು ಎಂದಿಗಿಂತ ಹಸಿರಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಮಂಜಿನ ಕೆಲಸ ಬೇರೆ. ಗಾಳಿಯಲ್ಲಿ ತೇಲುವ ಸಣ್ಣ ನೀರಹನಿಗಳು ಬೆಳಕನ್ನು ಚದುರಿಸುವುದರಿಂದ ದೂರದ ವಸ್ತು ಹತ್ತಿರದ್ದಕ್ಕಿಂತ ಹೆಚ್ಚು ತೆಳುವಾಗಿ ಕಾಣುತ್ತದೆ. ಒಂದರ ಹಿಂದೆ ಒಂದು ನಿಂತ ಗುಡ್ಡಗಳು ಪದರ ಪದರವಾಗಿ ಬಿಡಿಸಿಕೊಳ್ಳುತ್ತವೆ. ಚಪ್ಪಟೆ ಕಾಗದದ ಮೇಲೆ ಆಳದ ಅನುಭವ ಹುಟ್ಟುತ್ತದೆ. ಚೀನಾದ ಚಿತ್ರಕಾರರು ಈ ಗುಟ್ಟನ್ನು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಭೂದೃಶ್ಯ ಚಿತ್ರಕ್ಕೆ ಅವರ ಭಾಷೆಯಲ್ಲಿರುವ ಹೆಸರಿನ ಅರ್ಥವೇ ‘ಬೆಟ್ಟ-ನೀರು’. ಬೆಟ್ಟ ಮತ್ತು ನೀರಿನ ನಡುವೆ ಅವರು ಬರೆಯದೆ ಬಿಟ್ಟ ಖಾಲಿ ಜಾಗವೇ ಮಂಜಾಗುತ್ತಿತ್ತು.

ಛಾಯಾಗ್ರಾಹಕನಿಗೆ ಈ ಸೌಲಭ್ಯ ಸುಲಭವಾಗಿ ಸಿಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಗಾಜಿನ ಫಲಕಗಳು ಮುಖ್ಯವಾಗಿ ನೀಲಿ ಮತ್ತು ನೇರಳೆ ಬೆಳಕಿಗಷ್ಟೇ ಸ್ಪಂದಿಸುತ್ತಿದ್ದವು. ಆದ್ದರಿಂದ ಆಕಾಶ ಬರಿ ಬಿಳಿಯಾಗುತ್ತಿತ್ತು, ಹಸಿರು ಕಾಡು ಕಪ್ಪು ಮುದ್ದೆಯಾಗುತ್ತಿತ್ತು. ಮಬ್ಬು ಬೆಳಕಿನಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತಿದ್ದುದರಿಂದ ಗಾಳಿಗೆ ಅಲುಗುವ ಎಲೆಗಳು ಮಸುಕಾಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಬಂದವು, 1930ರ ದಶಕದ ನಡುವೆ ಕೊಡಾಕ್ರೋಮ್ ಬಂತು. ಮೃದು ಬೆಳಕಿನ ಬಣ್ಣಗಳನ್ನು ಹಿಡಿಯುವ ಸಾಧನ ಆಮೇಲಷ್ಟೇ ಕೈಗೆ ಬಂದದ್ದು.

ತಡವಾಗಿ ತೆರೆದ ಕಣ್ಣು

ಬಣ್ಣದಲ್ಲಿ ಈ ದಾರಿಯನ್ನು ತೆರೆದವರಲ್ಲಿ ಮುಖ್ಯರಾದವರು ಅಮೆರಿಕದ ಎಲಿಯಟ್ ಪೋರ್ಟರ್. ಅವರ ಸಮಕಾಲೀನ ಆನ್ಸೆಲ್ ಆಡಮ್ಸ್ ಕಪ್ಪು-ಬಿಳುಪಿನಲ್ಲಿ ಬೆಟ್ಟಗಳನ್ನು ನಾಟಕೀಯವಾಗಿ ಎತ್ತಿ ನಿಲ್ಲಿಸಿದರೆ, ಪೋರ್ಟರ್ ನೆರಳಿನ ತಾವುಗಳನ್ನು, ಬಂಡೆಯಿಂದ ಬಂಡೆಗೆ ಪುಟಿದು ಬರುವ ಪರೋಕ್ಷ ಬೆಳಕನ್ನು ಹುಡುಕಿಕೊಂಡು ಹೋದರು. ಕೊಲೊರಾಡೊ ನದಿಯ ಗ್ಲೆನ್ ಕ್ಯಾನ್ಯನ್ ಎಂಬ ಕಂದರದಲ್ಲಿ ಅವರು ತೆಗೆದ ಚಿತ್ರಗಳು ಸಿಯೆರಾ ಕ್ಲಬ್ ಎಂಬ ಪರಿಸರ ಸಂಸ್ಥೆಯಿಂದ 1963ರಲ್ಲಿ ಪುಸ್ತಕವಾಗಿ ಹೊರಬಂದವು. ಅದೇ ವರ್ಷ ಅಲ್ಲಿ ಕಟ್ಟಿದ್ದ ಅಣೆಕಟ್ಟಿನ ಬಾಗಿಲು ಮುಚ್ಚಿತು, ಕಂದರದಲ್ಲಿ ನೀರು ಏರತೊಡಗಿತು. ಪುಸ್ತಕ ನೋಡಿ ಮರುಗಿದವರು ಬಹಳ ಮಂದಿ. ಆದರೆ ಮರುಗುವ ಹೊತ್ತಿಗೆ ಕಾಲ ಮಿಂಚಿತ್ತು.

ಇದೇ ಕಥೆ ಕೆಲವೇ ವರ್ಷಗಳಲ್ಲಿ ಭೂಮಿಯ ಇನ್ನೊಂದು ತುದಿಯಲ್ಲಿ ಮರುಕಳಿಸಿತು. ಟಾಸ್ಮೇನಿಯದ ನೈರುತ್ಯ ಭಾಗದ ಬೆಟ್ಟಗಳ ನಡುವೆ ಪೆಡ್ಡರ್ ಎಂಬ ಸರೋವರವಿತ್ತು. ಅದರ ಒಂದು ದಡದಲ್ಲಿ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೂ ನಸುಗೆಂಪು ಮರಳಿನ ಬಯಲು. 1955ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಗಿತ್ತು. 1967ರಲ್ಲಿ ಆ ಘೋಷಣೆಯನ್ನು ರದ್ದುಪಡಿಸಿ ಜಲವಿದ್ಯುತ್ ಯೋಜನೆಗೆ ಒಪ್ಪಿಸಲಾಯಿತು. ದ್ವೀಪದ ಜಲವಿದ್ಯುತ್ ಆಯೋಗ ಆಗ ಸರ್ಕಾರದೊಳಗಿನ ಸರ್ಕಾರದಂತಿತ್ತು. ಅಗ್ಗದ ವಿದ್ಯುತ್ತು, ಅದರ ಬೆನ್ನಿಗೆ ಕಾರ್ಖಾನೆಗಳು, ಅವುಗಳ ಬೆನ್ನಿಗೆ ಉದ್ಯೋಗ ಎಂಬುದು ಅಲ್ಲಿನ ಎರಡೂ ಪ್ರಮುಖ ಪಕ್ಷಗಳು ಒಪ್ಪಿದ ಸೂತ್ರ.

ಅದೇ ಆಯೋಗದಲ್ಲಿ ಗುಮಾಸ್ತರಾಗಿದ್ದವರು ಒಲೆಗಸ್ ತ್ರುಚಾನಸ್. 1923ರಲ್ಲಿ ಲಿಥುವೇನಿಯದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ನಂತರ ನಿರಾಶ್ರಿತರಾಗಿ 1948ರಲ್ಲಿ ಟಾಸ್ಮೇನಿಯಕ್ಕೆ ಬಂದವರು. ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹೊತ್ತು ಕಾಡು ಸೇರುವುದು ಅವರ ಬದುಕಿನ ಕ್ರಮ. 1967ರ ಫೆಬ್ರುವರಿಯಲ್ಲಿ ಹೋಬಾರ್ಟ್ ನಗರದ ಸುತ್ತ ಹಬ್ಬಿದ ಕಾಳ್ಗಿಚ್ಚಿಗೆ ಅವರ ಮನೆ ಆಹುತಿಯಾಯಿತು. ಅದರೊಡನೆ ವರ್ಷಗಳ ಶ್ರಮದಿಂದ ಕೂಡಿಟ್ಟ ಸ್ಲೈಡುಗಳೆಲ್ಲ ಬೂದಿಯಾದವು. ಅವರು ಮತ್ತೆ ಮೊದಲಿನಿಂದ ಆರಂಭಿಸಿದರು. ಮುಳುಗಡೆಗೆ ಗುರುತಾದ ಪೆಡ್ಡರ್‌ಗೆ ಮತ್ತೆ ಮತ್ತೆ ಹೋಗಿ ಚಿತ್ರ ತೆಗೆದರು. ಆಯೋಗದ ನೌಕರರಾದ ಕಾರಣ ಯೋಜನೆಯ ವಿರುದ್ಧ ಬಹಿರಂಗವಾಗಿ ಮಾತನಾಡುವುದು ಕಷ್ಟವಾಗಿತ್ತು. ಹೀಗಾಗಿ ಹೋಬಾರ್ಟ್ ಪುರಭವನದಲ್ಲಿ ಸಂಗೀತದ ಹಿನ್ನೆಲೆಯೊಡನೆ ಸ್ಲೈಡುಗಳನ್ನು ತೋರಿಸಿದರು. ಜನ ಕಿಕ್ಕಿರಿದು ಬಂದರು.

ಸರೋವರ ಮಾತ್ರ ಉಳಿಯಲಿಲ್ಲ. 1972ರಲ್ಲಿ ಅದು ಜಲಾಶಯದಡಿ ಸೇರಿತು. ಅದನ್ನು ನೋಡಲು ತ್ರುಚಾನಸ್ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ, ಮುಂದೆ ಅಣೆಕಟ್ಟಿಗೆ ಗುರಿಯಾಗಬಹುದೆಂದು ತಾವು ಊಹಿಸಿದ್ದ ಗೋರ್ಡನ್ ನದಿಯ ಚಿತ್ರ ತೆಗೆಯಲು ಹೋಗಿ ಅವರು ನೀರುಪಾಲಾದರು. ಹುಡುಕಲು ಹೋದವರಲ್ಲಿ ಒಬ್ಬ ತರುಣನಿದ್ದ. ದೇಹವನ್ನು ಕಂಡವನೂ ಅವನೇ. ಅವನೇ ಪೀಟರ್ ಡೊಂಬ್ರೋವ್‌ಸ್ಕಿಸ್.

ಶಿಷ್ಯನ ದಾರಿ

ಡೊಂಬ್ರೋವ್‌ಸ್ಕಿಸ್ ಕೂಡ ಯುದ್ಧದ ಕೂಸು. 1945ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನ ನಿರಾಶ್ರಿತರ ಶಿಬಿರವೊಂದರಲ್ಲಿ ಲಾಟ್ವಿಯದ ದಂಪತಿಗೆ ಹುಟ್ಟಿದವರು. ಯುದ್ಧ ತಂದೆಯನ್ನು ಕಸಿದುಕೊಂಡಿತು. 1950ರಲ್ಲಿ ತಾಯಿಯೊಡನೆ ಟಾಸ್ಮೇನಿಯಕ್ಕೆ ಬಂದರು. ಬಾಲ್ಯದಲ್ಲೇ ತಾಯಿ ಅವರ ಕೈಗೆ ಕ್ಯಾಮೆರಾ ಕೊಟ್ಟಿದ್ದರು. ಹರೆಯದಲ್ಲಿ ತ್ರುಚಾನಸ್ ಗುರುವಾಗಿ, ಬಹುಮಟ್ಟಿಗೆ ತಂದೆಯ ಸ್ಥಾನದಲ್ಲಿ ದೊರೆತರು. ಗುರು ಬಿಟ್ಟುಹೋದ ಕೆಲಸವನ್ನು ಶಿಷ್ಯ ಮುಂದುವರಿಸಿದರು. ಆದರೆ ಸಲಕರಣೆ ಬದಲಾಗಿತ್ತು. ಗುರುವಿನದು ಸಣ್ಣ ಸ್ಲೈಡುಗಳ ಕ್ಯಾಮೆರಾ, ಶಿಷ್ಯ ಆರಿಸಿಕೊಂಡದ್ದು ನಾಲ್ಕು ಅಂಗುಲಕ್ಕೆ ಐದು ಅಂಗುಲದ ಹಾಳೆ ಫಿಲ್ಮ್ ಬಳಸುವ ಲಿನ್‌ಹೋಫ್.

ಇಂಥ ಕ್ಯಾಮೆರಾದಲ್ಲಿ ಅವಸರಕ್ಕೆ ಎಡೆಯಿಲ್ಲ. ಮೊದಲು ಮುಕ್ಕಾಲಿಯನ್ನು ನೆಲಕ್ಕೆ ಊರಬೇಕು. ತಿದಿಯಂಥ ಮಡಿಕೆಗಳನ್ನು ಬಿಡಿಸಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ಪರೀಕ್ಷಿಸಬೇಕು. ಮಸೂರವನ್ನು ಓರೆ ಮಾಡಿ ಕಾಲಬುಡದ ಕಲ್ಲಿನಿಂದ ದೂರದ ಗುಡ್ಡದವರೆಗೆ ಎಲ್ಲವೂ ಸ್ಪಷ್ಟವಾಗುವಂತೆ ಹೊಂದಿಸಬೇಕು. ಇದಕ್ಕಾಗಿ ಮಸೂರದ ಕಿಂಡಿಯನ್ನು ತೀರ ಕಿರಿದು ಮಾಡಬೇಕಾಗುತ್ತದೆ. ಆಗ ಒಳಬರುವ ಬೆಳಕು ಕಡಿಮೆ; ಮಂಜಿನ ಮುಂಜಾವಿನಲ್ಲಂತೂ ಇನ್ನೂ ಕಡಿಮೆ. ಹೀಗಾಗಿ ಕಿಂಡಿಯನ್ನು ಸೆಕೆಂಡುಗಳ ಕಾಲ ತೆರೆದಿಡಬೇಕು. ಆ ಹೊತ್ತಿನಲ್ಲಿ ಬಂಡೆ ಅಲುಗುವುದಿಲ್ಲ, ನೀರು ನಿಲ್ಲುವುದಿಲ್ಲ. ಬಂಡೆ ಕೆತ್ತಿದಷ್ಟು ಸ್ಪಷ್ಟವಾಗಿ, ನೀರು ರೇಷ್ಮೆಯ ಎಳೆಯಂತೆ ಫಿಲ್ಮಿನ ಮೇಲೆ ಬೀಳುತ್ತದೆ. ನೀರಿನ ಆ ಕನಸಿನಂಥ ನುಣುಪನ್ನು ಮೊದಲು ತಂದದ್ದು ಮಂದ ಬೆಳಕಿನ ಅನಿವಾರ್ಯತೆ. ಅದನ್ನು ಅಭಿವ್ಯಕ್ತಿಯನ್ನಾಗಿ ಮಾಡಿಕೊಂಡದ್ದು ಛಾಯಾಗ್ರಾಹಕನ ಆಯ್ಕೆ.

ಫ್ರಾಂಕ್ಲಿನ್ ನದಿಗೆ ಈ ಬೆಳಕು ಸಹಜವೇ ಆಗಿತ್ತು. ದಕ್ಷಿಣ ಗೋಳಾರ್ಧದ ನಲವತ್ತನೆಯ ಅಕ್ಷಾಂಶದ ಆಚೆ ಸಾಗರದ ಮೇಲೆ ತಡೆಯಿಲ್ಲದೆ ಬೀಸುವ ಪಶ್ಚಿಮದ ಗಾಳಿ ಟಾಸ್ಮೇನಿಯದ ಬೆಟ್ಟಗಳಿಗೆ ಬಡಿದು ಮಳೆ ಸುರಿಸುತ್ತದೆ. ಅಲ್ಲಿ ಮೋಡ, ತುಂತುರು, ಮಂಜು ದಿನನಿತ್ಯದ ಸಂಗತಿ. ಸುಮಾರು 129 ಕಿಲೋಮೀಟರ್ ಹರಿದು ಗೋರ್ಡನ್ ನದಿಯನ್ನು ಸೇರುವ ಫ್ರಾಂಕ್ಲಿನ್‌ನ ದಡದಲ್ಲಿ ಹ್ಯೂವನ್ ಪೈನ್ ಮರಗಳಿವೆ. ಈ ಜಾತಿಯ ಮರಗಳು ಎರಡು ಸಾವಿರ ವರ್ಷಕ್ಕೂ ಮೀರಿ ಬಾಳಬಲ್ಲವು. ಹುಲ್ಲುಗಾವಲಿನ ಜೌಗು ನೆಲದಿಂದ ಇಳಿದುಬರುವ ಟ್ಯಾನಿನ್‌ನಿಂದಾಗಿ ನೀರಿನ ಬಣ್ಣ ಚಹಾದ ಡಿಕಾಕ್ಷನ್‌ನಂತೆ ಕಂದು. ಡೊಂಬ್ರೋವ್‌ಸ್ಕಿಸ್ ಭಾರವಾದ ಕ್ಯಾಮೆರಾವನ್ನು ರಬ್ಬರ್ ದೋಣಿಯಲ್ಲಿ ಸಾಗಿಸುತ್ತ ಈ ಕಂದರಕ್ಕೆ ಇಳಿದರು. ಎತ್ತರದ ಬಂಡೆಗಳ ಇಕ್ಕಟ್ಟನ್ನು ದಾಟಿದ ಮೇಲೆ ಸಿಗುವ ‘ರಾಕ್ ಐಲೆಂಡ್ ಬೆಂಡ್’ ಎಂಬ ತಿರುವಿನಲ್ಲಿ ತೆಗೆದದ್ದೇ ಆ ಪ್ರಸಿದ್ಧ ಚಿತ್ರ.

ಮತಪತ್ರದ ಮೇಲೆ ನದಿ

1979ರಲ್ಲಿ ಜಲವಿದ್ಯುತ್ ಆಯೋಗ ಫ್ರಾಂಕ್ಲಿನ್ ಸಂಗಮದ ಕೆಳಗೆ, ಗೋರ್ಡನ್ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಯೋಜನೆಯನ್ನು ಮುಂದಿಟ್ಟಿತು. ಉದ್ದೇಶ 180 ಮೆಗಾವಾಟ್ ವಿದ್ಯುತ್. ಪೆಡ್ಡರ್‌ನ ಸೋಲಿನಿಂದ ಪಾಠ ಕಲಿತವರು ಈ ಬಾರಿ ಮೊದಲೇ ಎಚ್ಚೆತ್ತಿದ್ದರು. 1976ರಲ್ಲಿ ಫ್ರಾಂಕ್ಲಿನ್ ನದಿಯಲ್ಲಿ ರಬ್ಬರ್ ದೋಣಿಯಲ್ಲಿ ಸಾಗಿದ್ದ ವೈದ್ಯ ಬಾಬ್ ಬ್ರೌನ್ ಮತ್ತು ಸಂಗಡಿಗರು ಅದೇ ವರ್ಷ ಕಟ್ಟಿದ ಟಾಸ್ಮೇನಿಯನ್ ವೈಲ್ಡರ್‌ನೆಸ್ ಸೊಸೈಟಿ ಹೋರಾಟದ ಮುಂಚೂಣಿಗೆ ಬಂತು. ಆದರೆ ಒಂದು ತೊಡಕಿತ್ತು. ರಸ್ತೆಯೇ ಇಲ್ಲದ ಆ ಕಂದರವನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು ಜನ. ಕಾಣದ ನದಿಗಾಗಿ ಜನ ಏಕೆ ಮಿಡಿಯಬೇಕು? ಡೊಂಬ್ರೋವ್‌ಸ್ಕಿಸ್‌ರ ಚಿತ್ರಗಳು ಈ ಕೊರತೆಯನ್ನು ತುಂಬಿದವು. ಸಭೆಗಳ ವೇದಿಕೆ ಏರುವ ಸ್ವಭಾವ ಅವರದಾಗಿರಲಿಲ್ಲ. ಅವರ ಕ್ಯಾಲೆಂಡರುಗಳು, ಪುಸ್ತಕಗಳು ಮತ್ತು ಭಿತ್ತಿಚಿತ್ರಗಳು ಮನೆಮನೆಯ ಗೋಡೆಗೆ ತಲುಪಿ ಆ ಕೆಲಸ ಮಾಡಿದವು.

1981ರ ಡಿಸೆಂಬರ್‌ನಲ್ಲಿ ಟಾಸ್ಮೇನಿಯದಲ್ಲಿ ಜನಮತಗಣನೆ ನಡೆಯಿತು. ಮತಪತ್ರದಲ್ಲಿ ಎರಡು ಅಣೆಕಟ್ಟುಗಳ ನಡುವೆ ಆಯ್ಕೆ ಇತ್ತೇ ಹೊರತು ಅಣೆಕಟ್ಟು ಬೇಡವೆನ್ನಲು ಅವಕಾಶವಿರಲಿಲ್ಲ. ಮತದಾರರಲ್ಲಿ ಸುಮಾರು ಮೂರನೆಯ ಒಂದು ಭಾಗ ತಮ್ಮ ಕೈಯಿಂದಲೇ ‘ಅಣೆಕಟ್ಟು ಬೇಡ’ ಎಂದು ಬರೆದು ಮತಪತ್ರವನ್ನು ಅಸಿಂಧುಗೊಳಿಸಿಕೊಂಡರು. 1982ರಲ್ಲಿ ಅಧಿಕಾರಕ್ಕೆ ಬಂದ ರಾಬಿನ್ ಗ್ರೇ ಅವರ ರಾಜ್ಯ ಸರ್ಕಾರ ಅಣೆಕಟ್ಟು ಕಟ್ಟಿಯೇ ತೀರುವುದಾಗಿ ಹೊರಟಿತು. ಗ್ರೇ ಅವರ ಪಾಲಿಗೆ ಆ ನದಿ ಜಿಗಣೆಗಳು ತುಂಬಿದ ಒಂದು ಕಂದು ಚರಂಡಿ. ನೀರು ಕಂದಾಗಿದ್ದದ್ದು ನಿಜ, ಜಿಗಣೆಗಳಿದ್ದದ್ದೂ ನಿಜ. ಒಂದೇ ನದಿಯ ಎರಡು ಚಿತ್ರಗಳು ಈಗ ಜನರ ಮುಂದಿದ್ದವು: ಒಂದು ಮಾತಿನದು, ಇನ್ನೊಂದು ಮಂಜಿನದು.

1982ರ ಡಿಸೆಂಬರ್ 14ರಂದು ಕಾಮಗಾರಿ ತಾಣದಲ್ಲಿ ಪ್ರತಿಭಟನಕಾರರ ದಿಗ್ಬಂಧನ ಆರಂಭವಾಯಿತು. ಅದೇ ದಿನ ಆ ಪ್ರದೇಶಕ್ಕೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಮುಂದಿನ ವಾರಗಳಲ್ಲಿ 1,200ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಪ್ರಧಾನಿ ಮಾಲ್ಕಂ ಫ್ರೇಸರ್ ಯೋಜನೆ ಕೈಬಿಟ್ಟರೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೆ 50 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು, ರಾಜ್ಯ ಒಪ್ಪಲಿಲ್ಲ. ಚುನಾವಣೆಯಲ್ಲಿ ಅಣೆಕಟ್ಟು ತಡೆಯುವ ಭರವಸೆ ಕೊಟ್ಟಿದ್ದ ಬಾಬ್ ಹಾಕ್ ಅವರ ಲೇಬರ್ ಪಕ್ಷ ಗೆದ್ದಿತು. ಈ ಗೆಲುವಿಗೆ ಚಿತ್ರವೊಂದೇ ಕಾರಣ ಎನ್ನುವುದು ಉತ್ಪ್ರೇಕ್ಷೆ. ನಿರುದ್ಯೋಗ, ಬೆಲೆಯೇರಿಕೆ ಮೊದಲಾದ ಪ್ರಶ್ನೆಗಳೂ ಅಲ್ಲಿದ್ದವು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಟಾಸ್ಮೇನಿಯದ ಐದೂ ಸ್ಥಾನಗಳಲ್ಲಿ ಲೇಬರ್ ಸೋತಿತು. ನದಿಯ ಚಿತ್ರಕ್ಕೆ ದೂರದ ನಗರಗಳು ಓಗೊಟ್ಟವು. ನದಿಯ ಹತ್ತಿರದಲ್ಲಿ ಬದುಕುತ್ತ ಅಣೆಕಟ್ಟಿನ ಕೆಲಸವನ್ನು ನೆಚ್ಚಿದ್ದವರಿಗೆ ಅದು ಬೇರೆಯವರ ಸೊಗಸಿನಂತೆ ಕಂಡಿತು.

ನ್ಯಾಯಾಲಯದ ಬಾಗಿಲಲ್ಲಿ

ಹೊಸ ಸರ್ಕಾರ ಕಾನೂನು ತಂದಿತು, ರಾಜ್ಯ ಅದನ್ನು ಪ್ರಶ್ನಿಸಿತು. ವಿವಾದ ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಆ ಪ್ರದೇಶದ ಬಣ್ಣದ ಛಾಯಾಚಿತ್ರಗಳನ್ನು ಮುಂದಿಡಲು ಕೇಂದ್ರದ ಪರ ವಕೀಲರು ಬಯಸಿದಾಗ ಮುಖ್ಯ ನ್ಯಾಯಮೂರ್ತಿ ಹ್ಯಾರಿ ಗಿಬ್ಸ್ ಒಪ್ಪಲಿಲ್ಲ. ಅವು ಅಪ್ರಸ್ತುತ ವಿಷಯಗಳಿಂದ ಮನಸ್ಸನ್ನು ಕೆರಳಿಸಬಲ್ಲವು ಎಂಬುದು ಅವರ ಅಭಿಪ್ರಾಯವಾಗಿತ್ತು. ಚಿತ್ರದ ಶಕ್ತಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಸಿಗಲಾರದು. ತೀರ್ಪು ಮಾತ್ರ ಚಿತ್ರಗಳಿಲ್ಲದೆ, ಸಂವಿಧಾನದ ಅಧಿಕಾರ ಹಂಚಿಕೆಯ ಆಧಾರದ ಮೇಲೆಯೇ ಬಂತು. 1983ರ ಜುಲೈ 1ರಂದು ನಾಲ್ವರು ನ್ಯಾಯಮೂರ್ತಿಗಳು ಕೇಂದ್ರದ ಪರ, ಮೂವರು ವಿರುದ್ಧ ತೀರ್ಪಿತ್ತರು. ಒಂದೇ ಮತದ ಅಂತರದಲ್ಲಿ ನದಿ ಉಳಿಯಿತು.

ನ್ಯಾಯಮೂರ್ತಿಯ ಅನುಮಾನವನ್ನು ತಳ್ಳಿಹಾಕುವಂತೆಯೂ ಇಲ್ಲ. ಮಂಜು ತೋರಿಸುವಂತೆಯೇ ಮರೆಮಾಡುತ್ತದೆ ಕೂಡ. ಡೊಂಬ್ರೋವ್‌ಸ್ಕಿಸ್‌ರ ಚಿತ್ರದಲ್ಲಿ ಮನುಷ್ಯನ ಸುಳಿವಿಲ್ಲ. ಅದನ್ನು ನೋಡಿದವರಿಗೆ ಅದು ಯಾರೂ ಕಾಲಿಡದ ಆದಿಮ ಕಾಡು ಎನಿಸುವುದು ಸಹಜ. ಆದರೆ ಅದೇ ಕಣಿವೆಯ ಗುಹೆಯೊಂದರಲ್ಲಿ ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಚಳಿಯಲ್ಲಿ, ಟಾಸ್ಮೇನಿಯದ ಮೂಲನಿವಾಸಿಗಳು ಒಲೆ ಹೂಡಿ, ಕಲ್ಲಿನ ಉಪಕರಣ ಮಾಡಿ, ಬೇಟೆಯ ಮಾಂಸ ತಿಂದು ಬದುಕಿದ್ದಕ್ಕೆ ಸಾಕ್ಷ್ಯ ಸಿಕ್ಕಿತು. 1977ರಲ್ಲಿ ಕಂಡುಬಂದ ಈ ಗುಹೆಗೆ ಮೊದಲು ಪ್ರಧಾನಿ ಫ್ರೇಸರ್ ಹೆಸರಿಡಲಾಗಿತ್ತು. ನಂತರ ಅದು ‘ಕುಟಿಕಿನಾ’ ಆಯಿತು. 1981ರ ಉತ್ಖನನದ ಬಳಿಕ ಅಣೆಕಟ್ಟಿನ ವಿರುದ್ಧದ ವಾದಕ್ಕೆ ಈ ಗುಹೆ ಬಲವಾದ ಆಧಾರವಾಯಿತು. 1995ರಲ್ಲಿ ಅದನ್ನು ಮೂಲನಿವಾಸಿ ಸಮುದಾಯಕ್ಕೆ ಮರಳಿಸಲಾಯಿತು. ಸುಂದರ ಚಿತ್ರ ಹೇಳದೆ ಬಿಟ್ಟದ್ದನ್ನು ಒಲೆಯ ಬೂದಿ ಹೇಳಿತು. ಮಬ್ಬು ಬೆಳಕಿನ ಚಿತ್ರವನ್ನು ಮೆಚ್ಚುವಾಗ ಈ ಎಚ್ಚರವೂ ಜೊತೆಗಿರಬೇಕಾಗುತ್ತದೆ.

ಡೊಂಬ್ರೋವ್‌ಸ್ಕಿಸ್ 1996ರ ಮಾರ್ಚ್‌ನಲ್ಲಿ, ಟಾಸ್ಮೇನಿಯದ ವೆಸ್ಟರ್ನ್ ಆರ್ಥರ್ ಬೆಟ್ಟಸಾಲಿನಲ್ಲಿ ಚಿತ್ರ ತೆಗೆಯಲು ಒಬ್ಬರೇ ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 51. ಅವರ 3,000ಕ್ಕೂ ಮಿಕ್ಕಿದ ಚಿತ್ರಫಲಕಗಳು 2007ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿದವು. ಗುರು-ಶಿಷ್ಯರಿಬ್ಬರೂ ತಾವು ಪ್ರೀತಿಸಿದ ಕಾಡಿನಲ್ಲೇ ಕೊನೆಯುಸಿರೆಳೆದರು.

ಇಬ್ಬರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬೆಳಕು ಒಂದೇ, ಸಂಯಮವೂ ಒಂದೇ. ವ್ಯತ್ಯಾಸವಿರುವುದು ಚಿತ್ರದ ಹೊರಗೆ. ತ್ರುಚಾನಸ್ ಹಿಡಿದಿಟ್ಟ ನಸುಗೆಂಪು ಮರಳು ಇಂದಿಗೂ ಜಲಾಶಯದ ತಳದಲ್ಲಿದೆ. ಅದನ್ನು ಮತ್ತೆ ಮೇಲಕ್ಕೆ ತರಬೇಕೆಂಬ ಬೇಡಿಕೆ ಇನ್ನೂ ಜೀವಂತವಾಗಿದೆ. ಅದನ್ನು ನೋಡಬಯಸುವವರಿಗೆ ಹಳೆಯ ಚಿತ್ರಗಳೇ ಗತಿ. ರಾಕ್ ಐಲೆಂಡ್ ಬೆಂಡ್ ನೋಡಬಯಸುವವರು ಮಾತ್ರ ಚಿತ್ರವನ್ನು ಗೋಡೆಯಲ್ಲೇ ಬಿಟ್ಟು, ರಬ್ಬರ್ ದೋಣಿ ಹತ್ತಿ, ಕೆಲವು ದಿನಗಳ ಕಠಿಣ ಪಯಣದ ಕೊನೆಗೆ ಆ ಬಂಡೆಯ ಎದುರು ನಿಲ್ಲಬಹುದು. ಮಂಜು ಇರುತ್ತದೋ ಇಲ್ಲವೋ ಹೇಳಲಾಗದು. ನದಿ ಇರುತ್ತದೆ.